ನೀರು ಕೊಟ್ಟ ಔಡಲೆಣ್ಣೆ

ರಾಯಚೂರಿನ ಪ್ರಯೋಗಾಲಯವೊಂದರಲ್ಲಿ ನಾನು ಯೀಸ್ಟ್ ಸಾಕುತ್ತಿದ್ದೆ. ಬ್ರೆಡ್ಡು ಉಬ್ಬಿಸುವ ಆ ಸೂಕ್ಷ್ಮಜೀವಿಗೆ ಔಡಲ, ಅಂದರೆ ಹರಳು ಗಿಡದ ಒಂದು ಜೀನ್ ಸೇರಿಸಿ, ಔಡಲೆಣ್ಣೆಯಲ್ಲಿರುವ ಅಪರೂಪದ ಕೊಬ್ಬಿನಾಮ್ಲವನ್ನು ಅದರಿಂದ ಮಾಡಿಸುವುದು ನಮ್ಮ ಕೆಲಸ. ಗ್ರೀಸು, ಬಣ್ಣದ ಕಾರ್ಖಾನೆಗಳಿಗೆ ಅದು ಬೇಕು. ಎರಡು ವರ್ಷ ಸಕ್ಕರೆ ತಿಂದ ಯೀಸ್ಟ್ ತಾನು ಬೆಳೆಯಿತೇ ಹೊರತು ನಮಗೇನೂ ಕೊಡಲಿಲ್ಲ.

ಒಂದು ಭಾನುವಾರ ನಮ್ಮೂರು ಮಸರಕಲ್ಲಿನಲ್ಲಿ ಅಜ್ಜಿಯ ಮುಂದೆ ಇದನ್ನೇ ತೋಡಿಕೊಂಡೆ.

"ಔಡಲ ಬದುವಿನಾಗ ತಾನ ಬೆಳಿತದ. ಅದನ್ನ ಬಿಟ್ಟು ಹುಳಕ್ಕ ಎಣ್ಣಿ ಕೊಡಂತ ಗಂಟು ಬಿದ್ದೀಯಲ್ಲ, ನಿನ್ನ ತಲಿ ಕಾದದ ಬೇ. ಬಾ, ಕುಂದ್ರು."

"ಔಡಲದ ಬೀಜದಾಗ ವಿಷ ಅದ ಯವ್ವಾ, ಅದಕ್ಕ..." ಎನ್ನುವಷ್ಟರಲ್ಲಿ ಬೊಗಸೆ ಔಡಲೆಣ್ಣೆ ನೆತ್ತಿಯ ಮೇಲೆ ಬಿದ್ದು ಕಿವಿಗಿಳಿಯಿತು.

ಮರುದಿನ ಬೆಳಿಗ್ಗೆ ತಲೆ ತೊಳೆಯಲು ಪುರುಸೊತ್ತಿಲ್ಲದೆ ದೇವದುರ್ಗದಿಂದ ರಾಯಚೂರಿಗೆ ಹೋಗುವ ಬಸ್ಸು ಹಿಡಿದು ನೇರ ಪ್ರಯೋಗಾಲಯಕ್ಕೆ ಬಂದೆ. ಜಡೆ ಹಿಂದಕ್ಕೆ ತಳ್ಳುತ್ತ ತಳ್ಳುತ್ತ ಯೀಸ್ಟಿನ ಕೊಬ್ಬು ತೆಗೆದು ಪರೀಕ್ಷೆಯ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಔಡಲದ ಆಮ್ಲದ ಗೆರೆ ಗುಡ್ಡದಂತೆ ಎದ್ದು ನಿಂತಿತು.

ಮಾನ್ವಿ ಕಡೆಯ ನಮ್ಮ ಪ್ರೊಫೆಸರ್ ನಕ್ಕಿದ್ದನ್ನು ಅಂದೇ ಮೊದಲು ಕಂಡದ್ದು. ಎಲ್ಲರಿಗೂ ಮಿರ್ಚಿ ಭಜಿ ತರಿಸಿ, ಹೆಂಡತಿಗೆ ಫೋನ್ ಹಚ್ಚಿ "ಬಂತು, ಬಂತು!" ಎಂದು ಕೂಗಿದರು. ಆಕೆ "ಯಾರು ಬಂದ್ರು? ಅನ್ನಕ್ಕಿಡಲೇನು?" ಎಂದದ್ದು ನಮಗೂ ಕೇಳಿಸಿತು.

ಆಗ ನನ್ನ ಜೊತೆ ಕೆಲಸ ಮಾಡುವ ಅಕ್ಕ ಮೆಲ್ಲಗೆ, "ಸರ್, ಜೀನ್ ಹಾಕದ ಯೀಸ್ಟೂ ಅಷ್ಟ ಎಣ್ಣಿ ಕೊಟ್ಟದ್ರೀ" ಎಂದರು.

ಸರ್ ಕೈಯಲ್ಲಿದ್ದ ಭಜಿ ಬಾಯಿಗೆ ಹೋಗಲಿಲ್ಲ. "ಬರೇ ನೀರಿಂದು ನೋಡ್ರಿ."

ಹೋಲಿಕೆಗೆಂದು ಇಟ್ಟಿದ್ದ ಬರಿ ನೀರೂ ಗುಡ್ಡ ಎಬ್ಬಿಸಿತ್ತು.

"ನೀರೂ ಔಡಲೆಣ್ಣಿ ಮಾಡಾಕತ್ತದಲ್ರೀ!" ಎಂದ ಸರ್, ಗಾಳಿ ಮೂಸಿದರು. ನನ್ನ ಜಡೆ ನೋಡಿದರು. "ಯಾವೂರ ಎಣ್ಣಿ ಇದು?"

"ಮಸರಕಲ್ಲಿಂದು ಸರ್" ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹಾಸ್ಟೆಲಿಗೆ ಹೋಗಿ ಮೂರು ಸಲ ಸೀಗೆಪುಡಿ ಹಾಕಿ ತಲೆ ತಿಕ್ಕಿಕೊಂಡೆ. ಎರಡು ದಿನ ಗಾಜಿನ ಸಾಮಾನು ತೊಳೆದೆ. ಆಮೇಲೆ ಕೈಗವಸು, ತಲೆಗೆ ಟೊಪ್ಪಿಗೆ ಹಾಕಿ ಮತ್ತೆ ಪರೀಕ್ಷಿಸಿದಾಗ ನೀರು ಸುಮ್ಮನಿತ್ತು, ಬರಿ ಯೀಸ್ಟೂ ಸುಮ್ಮನಿತ್ತು. ಜೀನ್ ಹಾಕಿದ್ದರಲ್ಲಿ ಮಾತ್ರ ಇರುವೆ ಗೂಡಿನಷ್ಟು ಉಬ್ಬು. ಸರ್ ಕನ್ನಡಕ ಒರೆಸಿಕೊಂಡು ನೋಡಿ, "ಅದ" ಎಂದರು. ಈ ಸಲ ಭಜಿ ತರಿಸುವ ಧೈರ್ಯ ಮಾಡಲಿಲ್ಲ.

ಅಜ್ಜಿಗೆ ಫೋನ್ ಮಾಡಿ, ಹುಳ ಕೊನೆಗೂ ಎಣ್ಣೆ ಕೊಟ್ಟಿತೆಂದೆ. ಗಂಟೆಯೊಳಗೆ ಪಕ್ಕದ ಮನೆಯ ದೊಡ್ಡಮ್ಮನ ಫೋನ್ ಬಂತು: "ಯವ್ವಾ, ಆ ಹುಳದ ಎಣ್ಣಿ ಮೊಣಕಾಲಿಗೆ ಹಚ್ಚಬೌದೇನ?"