ಅಕ್ಕಿ ಬಂದವೆ

ಶಕುನ, ಕಣಿ, ದೆವ್ವ, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಮೂಗು ಮುರಿಯುತ್ತಿದ್ದವಳು. ಮಳವಳ್ಳಿಯ ಕಾಲೇಜೊಂದರ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಮೇಲೆ, ಕಾಗದದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಅನ್ನುವುದು ಅಭ್ಯಾಸವಾಗಿಬಿಡುತ್ತದೆ. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ಬಂದು ನನಗೆ ಹೇಳಿದ್ದರೆ, ಟೀ ಕುಡಿಸಿ ಕಳಿಸಿ, ಬೆನ್ನ ಹಿಂದೆ ನಗುತ್ತಿದ್ದೆ. ನೀವೂ ಅದನ್ನೇ ಮಾಡಿದರೆ ನನಗೆ ಬೇಜಾರಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡು ನಗಿ.

ಮೊದಲು ನಮ್ಮ ಕಡೆಯ ನಾಲಿಗೆಯ ವಿಷಯ ಸ್ವಲ್ಪ ಹೇಳಬೇಕು. ಮಂಡ್ಯದ ನಮ್ಮ ಹಳ್ಳಿಗಳಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಅನ್ನ ಮಾಡುವ ಅಕ್ಕಿ ಹೇಗಿದ್ದರೂ ಅಕ್ಕಿಯೇ. ಮೈಸೂರಿನಲ್ಲಿ ಓದುವಾಗ ನಾನು ಒಮ್ಮೆ ತುಂಬಿದ ತರಗತಿಯಲ್ಲಿ ಎದ್ದು ನಿಂತು ‘ಅಕ್ಕಿ ಗೂಡು ಕಟ್ಟುತ್ತದೆ’ ಎಂದೆ. ಆ ನಗು ನನ್ನ ಕಿವಿಯಲ್ಲಿ ವರ್ಷಗಟ್ಟಲೆ ಉಳಿಯಿತು. ಅಂದಿನಿಂದ ಹಟ ಹಿಡಿದು ಹಕಾರ ಕಲಿತೆ. ಹಟ ಎಷ್ಟಿತ್ತೆಂದರೆ ಸ್ವಲ್ಪ ದಿನ ಆನೆಯನ್ನೂ ಹಾನೆ ಅನ್ನುತ್ತಿದ್ದೆ. ಆಮೇಲೆ ಎಲ್ಲ ಸರಿಹೋಯಿತು, ಊರಿಗೆ ಹೋದಾಗಲೂ ಪುಸ್ತಕದ ಹಾಗೇ ಮಾತಾಡುವವಳಾದೆ.

ನನ್ನ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹಕ್ಕಿಗಳ ಊರಿನವಳೇ ಹಕ್ಕಿ ಅನ್ನಲಾರದೆ ನಗೆಪಾಟಲಾದದ್ದು ನೋಡಿ. ನಮ್ಮ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಹುಣಸೆಮರವಿದೆ. ಪ್ರತಿವರ್ಷ ಅದರ ಮೇಲೆ ಹೆಜ್ಜಾರ್ಲೆಗಳು ಬಂದು ಗೂಡು ಕಟ್ಟುತ್ತವೆ, ಕೊಕ್ಕಿನ ಕೆಳಗೆ ಚೀಲವಿರುವ ಆ ದೊಡ್ಡ ಬಿಳಿ ಹಕ್ಕಿಗಳು. ನಮ್ಮೂರಲ್ಲಿ ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದೇ ತಿಳಿಯುತ್ತಾರೆ. ಗಲೀಜು ಮಾಡಿದರೂ ಯಾರೂ ಬೈಯುವುದಿಲ್ಲ. ಅಪ್ಪನಂತೂ ಗೂಡಿನಿಂದ ಬಿದ್ದ ಮರಿಗಳಿಗೆ ಕೆರೆಯಿಂದ ಮೀನು ತಂದು ತಿನ್ನಿಸಿ ಬೆಳೆಸುತ್ತಿದ್ದ. ನನ್ನ ಬಾಣಂತನದಲ್ಲಿ ನನಗೆ ಇಷ್ಟು ಉಪಚಾರ ಆಗಿರಲಿಲ್ಲ ಎಂದು ಈಗಲೂ ಅವನನ್ನು ಆಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಎದೆನೋವು ಬಂತು. ಡಾಕ್ಟರು ನೋಡಿ, ರಕ್ತನಾಳ ಮುಚ್ಚಿಕೊಂಡಿದೆ, ಎರಡು ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದರು. ಅಪ್ಪ ಒಪ್ಪಲಿಲ್ಲ. ಆ ವರ್ಷ ಊರಿನ ಬೇರೆ ಮರಗಳಿಗೆ ಹಕ್ಕಿ ಬಂದಿದ್ದವು, ನಮ್ಮ ಹುಣಸೆಮರಕ್ಕೆ ಮಾತ್ರ ಒಂದೂ ಬಂದಿರಲಿಲ್ಲ. ‘ಅಕ್ಕಿ ಬರ್ಲಿ, ಆಮೇಲೆ ಓಗುವ. ಅವು ಬಂದಾಗ ಮನೇಲಿ ನಾನಿಲ್ದೇ ಓದ್ರೆ ಯೆಂಗೆ?’ ಅನ್ನುವುದೊಂದೇ ಮಾತು. ಅವನ ಜೊತೆಗಿದ್ದ ನನ್ನ ತಮ್ಮ ನಿಂಗರಾಜ ಹೇಳಿ ಹೇಳಿ ಸೋತ. ನಾನು ಹೋಗಿ ಬುದ್ಧಿ ಹೇಳಿದೆ, ಅತ್ತು ಕರೆದು ಜಗಳ ಆಡಿದೆ. ಕೊನೆಗೆ ಸಿಟ್ಟು ನೆತ್ತಿಗೇರಿ, ‘ಹಕ್ಕಿ ಬರದಿದ್ದರೆ ಸಾಯ್ತೀಯಾ ಹಾಗಾದರೆ?’ ಎಂದುಬಿಟ್ಟೆ.

ಅಪ್ಪ ನನ್ನ ಮುಖ ನೋಡಿ, ‘ಅಕ್ಕಿ ಅನ್ನಾಕೂ ಬಾಯ್ ಬರಾಕಿಲ್ವಲ್ಲವ್ವ ನಿಂಗೆ’ ಎಂದ. ಅದರ ಮೇಲೆ ನಾನು ಅಲ್ಲಿ ಕೂರಲಿಲ್ಲ.

ಆಗಲೇ ನಮ್ಮ ಪ್ರವಾಸ ನಿಶ್ಚಯವಾಗಿತ್ತು. ನನ್ನ ಯಜಮಾನರಿಗೆ ಮಂಡ್ಯದ ಗುತ್ತಲಿನಲ್ಲಿ ಕಾರು ರಿಪೇರಿಯ ಶೆಡ್ಡಿದೆ. ಗುಜರಿಗೆ ಹೋಗಬೇಕಿದ್ದ ಒಂದು ಜೀಪನ್ನು ಎರಡು ವರ್ಷ ಕೂತು ಸರಿಮಾಡಿದ್ದರು. ಅದು ಗಟ್ಟಿಯೆಂದು ಊರಿಗೆಲ್ಲ ತೋರಿಸಲು ಈಶಾನ್ಯದ ಸಣ್ಣ ರಾಜ್ಯಗಳನ್ನು ಸುತ್ತಿ ಬರಬೇಕು ಅನ್ನುವುದು ಅವರ ಹುಚ್ಚು. ಮೇಘಾಲಯ, ಮಿಜೋರಾಂ, ತ್ರಿಪುರಾ ಎಂದು ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಶೆಡ್ಡಿನ ಗೋಡೆಗೆ ಅಂಟಿಸಿದ್ದರು. ನಾನು ಬರುವುದಿಲ್ಲ ಅನ್ನುವವಳಿದ್ದೆ. ಅಪ್ಪನ ಮೇಲಿನ ಸಿಟ್ಟಿಗೆ ಗಳಿಕೆ ರಜೆ ಬರೆದುಕೊಟ್ಟು ಹೊರಟೆ. ಹೊರಡುವ ದಿನ ಊರಿಗೆ ಫೋನು ಕೂಡ ಮಾಡಲಿಲ್ಲ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಧ್ರ, ಒಡಿಶಾ, ಬಂಗಾಳ ದಾಟಿ ಗುವಾಹಟಿ ಸೇರುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಮೇಘಾಲಯದಲ್ಲಿ ಕಣ್ಣು ತಂಪಾಯಿತು. ಮಂಡ್ಯದ ನೇರ ರಸ್ತೆಯಲ್ಲಿ ಓಡಾಡಿದವರಿಗೆ ಅಲ್ಲಿನ ರಸ್ತೆ ರಸ್ತೆಯೇ ಅಲ್ಲ, ಗುಡ್ಡದ ಸುತ್ತ ಸುತ್ತಿದ ಹಗ್ಗ. ಒಂದು ರಾಜ್ಯದ ಮಾತು ಕಿವಿಗೆ ಹತ್ತುವಷ್ಟರಲ್ಲಿ ಮುಂದಿನ ರಾಜ್ಯ ಬಂದಿರುತ್ತಿತ್ತು. ಮಿಜೋರಾಂ ಗಡಿಯಲ್ಲಿ ಪರವಾನಗಿ ಮಾಡಿಸಿ ಒಳಗೆ ಹೋದೆವು. ಸಿಗ್ನಲ್ ಸಿಕ್ಕಾಗಲೆಲ್ಲ ನಿಂಗರಾಜನ ಒಂದೇ ಮೆಸೇಜು: ಅಪ್ಪ ಒಪ್ತಿಲ್ಲ, ಹಿತ್ತಲಿಗೆ ನಡೆದರೂ ಉಸಿರು ಕಟ್ತದೆ. ಓದಿದಾಗಲೆಲ್ಲ ಸಾಯ್ತೀಯಾ ಎಂದು ನಾನು ಅಂದದ್ದು ನೆನಪಾಗುತ್ತಿತ್ತು. ಅದೇ ನಾನು ಅಪ್ಪನಿಗೆ ಆಡಿದ ಕೊನೆಯ ಮಾತಾಗಿಬಿಟ್ಟರೆ ಅನ್ನುವ ಭಯ ಒಂದು ಕ್ಷಣವೂ ಬಿಟ್ಟಿರಲಿಲ್ಲ.

ಐಜಾಲ್ ದಾಟಿದ ಮೇಲೆ ಆ ರಸ್ತೆಯ ಬದಿಯಲ್ಲಿ ವಿಚಿತ್ರ ಅಂಗಡಿಗಳು ಸಿಗುತ್ತವೆ. ಬಿದಿರಿನ ತಟ್ಟಿ, ಮೇಲೆ ಒಂದು ಹೊದಿಕೆ, ಮುಂದೆ ತರಕಾರಿ ಹಣ್ಣು, ಬೆಲೆ ಬರೆದ ಹಲಗೆ, ಒಂದು ಡಬ್ಬಿ. ಅಂಗಡಿಯವರು ಮಾತ್ರ ಇರುವುದಿಲ್ಲ. ಬೇಕಾದದ್ದು ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗಬೇಕು. ‘ನಮ್ ಮದ್ದೂರ್ ಸಂತೇಲಿ ಇಂಗೆ ಇಟ್ರೆ ಡಬ್ಬಿ ಸಮೇತ ಓಯ್ತದೆ’ ಎಂದು ಯಜಮಾನರು ನಕ್ಕರು.

ಅಂಥ ನಾಲ್ಕೈದು ಅಂಗಡಿ ಸಾಲಾಗಿರುವ ಕಡೆ ಜೀಪು ಬಿಸಿಯಾಯಿತು. ಬೆಳಗಿನ ಒಂಬತ್ತೂವರೆ ಇರಬಹುದು, ಕಣಿವೆಯಲ್ಲಿ ಮಂಜಿತ್ತು, ರಸ್ತೆಯಲ್ಲಿ ಒಳ್ಳೆಯ ಬಿಸಿಲು. ಯಜಮಾನರು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು. ನಾನು ಇಳಿದು ಅಂಗಡಿ ನೋಡುತ್ತ ಹೋದೆ. ಕೊನೆಯ ಅಂಗಡಿಯಲ್ಲಿ ಸೀಮೆಬದನೆಕಾಯಿ ಇಟ್ಟಿದ್ದರು, ನಮ್ಮ ಕಡೆ ಸಿಗುವಂಥದ್ದೇ. ಬಗ್ಗಿ ಒಂದನ್ನು ಎತ್ತಿಕೊಂಡು ಎಳೆಯದೋ ಬಲಿತದ್ದೋ ಎಂದು ಉಗುರಿನಿಂದ ನೋಡುತ್ತಿದ್ದೆ. ತಟ್ಟಿಯ ಪಕ್ಕದಲ್ಲಿ ಒಬ್ಬ ಮುದುಕ ಕುಕ್ಕರಗಾಲಿನಲ್ಲಿ ಕೂತಿದ್ದ. ತಲೆಗೆ ಉಣ್ಣೆಯ ಟೋಪಿ, ಹೆಗಲಿಗೆ ಹಸಿರು ಶಾಲು. ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ಇದನ್ನು ನೆನೆದು ಎಷ್ಟು ಸಲ ನನ್ನನ್ನೇ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

‘ಅಕ್ಕಿ ಬಂದವೆ ಕಣವ್ವ’ ಎಂದ.

‘ಅಕ್ಕಿ ಬೇಡಪ್ಪ, ನಾವು ಲಾಡ್ಜಿನಲ್ಲಿರೋರು, ಅಡುಗೆ ಮಾಡಲ್ಲ’ ಎಂದೆ. ಕಾಯಿ ಅಲ್ಲೇ ಇಟ್ಟು ಬಂದು ಜೀಪು ಹತ್ತಿದೆ. ಅಷ್ಟೇ ಆದದ್ದು.

ಮೂರು ಕಿಲೋಮೀಟರ್ ಹೋಗಿರಬೇಕು. ಯಜಮಾನರು ಗೇರು ಬದಲಿಸುತ್ತ ಕೇಳಿದರು, ‘ಅಲ್ಲ ಕಣಮ್ಮಿ, ಆಗ್ಲೆ ಯಾರ್ ಜೊತೆ ಮಾತಾಡ್ದೆ ನೀನು?’

‘ಅಂಗಡಿ ಮುದುಕನ ಜೊತೆ. ಅಕ್ಕಿ ಬೇಕಾ ಅಂದ, ಬೇಡ ಅಂದೆ.’

‘ಕನ್ನಡದಲ್ಲಿ ಅಂದ್ಯಲ್ಲ?’

ಅವರು ತಮಾಷೆಗೆ ಕೇಳಿದ್ದರು. ಹೌದು, ಕನ್ನಡದಲ್ಲೇ ಅಂದಿದ್ದೆ. ಏಕೆಂದರೆ ಅವನೂ ಕನ್ನಡದಲ್ಲೇ ಕೇಳಿದ್ದ. ಅದೂ ಮೈಸೂರಿನ ಕನ್ನಡವಲ್ಲ, ಬೆಂಗಳೂರಿನದಲ್ಲ, ನಮ್ಮ ಹಿತ್ತಲಿನ ಕನ್ನಡ. ನಮ್ಮ ಮನೆಯ ಮಾತು ನಮಗೆ ಕಿವಿಗೆ ಬಿದ್ದದ್ದೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿತ್ತು. ಅದರ ಹಿಂದೆಯೇ ಇನ್ನೊಂದು ವಿಷಯ ತಲೆಗೆ ಬಂತು. ಅವನು ‘ಬಂದೈತೆ’ ಅಂದಿರಲಿಲ್ಲ, ‘ಬಂದವೆ’ ಅಂದಿದ್ದ. ಅನ್ನದ ಅಕ್ಕಿಗೆ ನಮ್ಮಲ್ಲಿ ಯಾರೂ ಬಂದವೆ ಅನ್ನುವುದಿಲ್ಲ. ಜೀಪು ತಿರುಗಿಸಿ ಎಂದೆ. ನನ್ನ ಮುಖ ನೋಡಿ ಅವರು ತಿರುಗಿಸಿದರು.

ಕೊನೆಯ ಅಂಗಡಿಯಲ್ಲಿ ಸೀಮೆಬದನೆಕಾಯಿ ನಾನಿಟ್ಟ ಜಾಗದಲ್ಲೇ ಇತ್ತು, ನನ್ನ ಉಗುರಿನ ಗುರುತು ಸಮೇತ. ಮುದುಕನಿರಲಿಲ್ಲ. ಅಕ್ಕಿಯಂತೂ ಅಲ್ಲಿ ಯಾವ ಅಂಗಡಿಯಲ್ಲೂ ಒಂದು ಹಿಡಿಯೂ ಇರಲಿಲ್ಲ. ಬೆನ್ನಿಗೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಗುಡ್ಡ ಇಳಿದು ಬಂದು ಬಾಳೆಹಣ್ಣು ಜೋಡಿಸತೊಡಗಿದಳು. ಯಜಮಾನರು ತಮ್ಮ ಹರುಕು ಹಿಂದಿಯಲ್ಲಿ ಮುದುಕನ ಬಗ್ಗೆ ಕೇಳಿದರು. ಆಕೆ ನಕ್ಕು, ಇಲ್ಲಿ ಯಾರೂ ಕೂರುವುದಿಲ್ಲ, ಕೂರುವ ಹಾಗಿದ್ದರೆ ಡಬ್ಬಿ ಯಾಕೆ ಎಂದಳು. ನಿಮಗೆ ಕೇಳಿಸಿತ್ತಾ ಎಂದು ಯಜಮಾನರನ್ನು ಕೇಳಿದೆ. ಅವರಿಗೆ ನಾನು ಹೇಳಿದ್ದು ಮಾತ್ರ ಕೇಳಿಸಿತ್ತು, ಅವನದು ಕೇಳಿಸಿರಲಿಲ್ಲ. ತಲೆ ಬಾನೆಟ್ಟಿನೊಳಗಿತ್ತು, ಇಂಜಿನ್ನು ಗುರ್ರೆನ್ನುತ್ತಿತ್ತು.

ಸಿಗ್ನಲ್ ಸಿಗುವ ಊರು ಸೇರಲು ಅರ್ಧ ಗಂಟೆ ಹಿಡಿಯಿತು. ನಿಂಗರಾಜನಿಗೆ ಫೋನ್ ಮಾಡಿ, ಹುಣಸೆಮರಕ್ಕೆ ಹಕ್ಕಿ ಬಂದಿವೆಯಾ ಎಂದು ಕೇಳಿದೆ.

‘ಎಲ್ಲಿ ಬಂದವೆ ಬುಡಕ್ಕ, ಮರ ಬೋಳುಬೋಳಾಗೈತೆ’ ಎಂದ. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ದನಿ ಕೇಳಿಸಿತು, ಯಾರ್ಲಾ ಅದು, ಕೊಡಿಲ್ಲಿ ಎಂದು. ಮೂರು ವಾರದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಕ್ಷಮಿಸು ಅನ್ನಬೇಕು ಅಂದುಕೊಂಡೆ, ಬಾಯಿಂದ ಬಂದದ್ದೇ ಬೇರೆ.

‘ಅಪ್ಪ, ಅಕ್ಕಿ ಬಂದವೆ.’

ಅಪ್ಪ ಏದುಸಿರಿನಲ್ಲೇ ಕೇಳಿದ, ‘ಯಾವಕ್ಕಿ? ಉಣ್ಣೋದಾ, ಆರೋದಾ?’

‘ಆರೋದು.’

‘ಯಾರಂದ್ರು?’

ನಡೆದದ್ದನ್ನು ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಅಪ್ಪ ನಗಲಿಲ್ಲ, ಆ ಮುದುಕ ಯಾರಿರಬಹುದು ಎಂದೂ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದ. ‘ಬಂದೈತೆ ಅಂದ್ನಾ, ಬಂದವೆ ಅಂದ್ನಾ? ಸರ್ಯಾಗ್ ಗ್ಯಾಪ್ನ ಮಾಡ್ಕಂಡು ಯೇಳು ಮಗ.’

ಇಲ್ಲಿ ನಿಮಗೆ ನಿಜ ಹೇಳಬೇಕು. ಅಪ್ಪ ಹಾಗೆ ಕೇಳಿದ ಕೂಡಲೇ ನನಗೆ ಅನುಮಾನ ಬಂತು. ಜೀಪಿನಲ್ಲಿದ್ದಾಗ ಖಂಡಿತವಾಗಿದ್ದದ್ದು ಈಗ ಅಲ್ಲಾಡತೊಡಗಿತು. ಮುದುಕ ಬಂದೈತೆ ಅಂದಿದ್ದನೇನೋ. ಏನೂ ಅಂದಿರಲಿಲ್ಲವೇನೋ. ಆದರೆ ಆ ಕಡೆ ಅಪ್ಪ ಉಸಿರು ಹಿಡಿದು ಕಾಯುತ್ತಿದ್ದ.

‘ಬಂದವೆ ಅಂದ ಕಣಪ್ಪ’ ಎಂದೆ.

‘ಅಂಗಾರೆ ಸರಿ’ ಎಂದ ಅಪ್ಪ. ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೇ, ‘ಲೇ ನಿಂಗ, ಕಾರು ಮಾಡ್ಲಾ, ಆಸ್ಪತ್ರೆಗೋಗುವ’ ಎಂದು ಕೂಗಿದ. ನಾನು ಆ ಅಪರಿಚಿತ ಊರಿನ ರಸ್ತೆಬದಿಯಲ್ಲಿ ನಿಂತು ಅಳುತ್ತಿದ್ದೆ. ಯಜಮಾನರು ಏನು ಮಾಡಬೇಕೋ ತೋಚದೆ ಜೀಪಿನ ಗಾಜು ಒರೆಸುತ್ತಿದ್ದರು.

ಅಂದೇ ಮಧ್ಯಾಹ್ನ ಅಪ್ಪನನ್ನು ಸೇರಿಸಿಕೊಂಡರು, ಮೂರನೇ ದಿನ ಆಪರೇಷನ್ ಆಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ನಾವು ತ್ರಿಪುರಾವನ್ನು ನಕ್ಷೆಯಲ್ಲೇ ಬಿಟ್ಟು ವಾಪಸು ಹೊರಟೆವು.

ನಾವು ಬೆಳ್ಳೂರು ತಲುಪಿದಾಗ ಹುಣಸೆಮರದ ತುಂಬ ಹೆಜ್ಜಾರ್ಲೆಗಳಿದ್ದವು. ಯಾವಾಗ ಬಂದವು ಎಂದು ಕಂಡಕಂಡವರನ್ನೆಲ್ಲ ಕೇಳಿದೆ, ಕಚೇರಿಯ ಅಭ್ಯಾಸ. ಎದುರುಮನೆಯಾಕೆ ಅಪ್ಪನನ್ನು ಕರೆದುಕೊಂಡು ಹೋದ ದಿನ ಬೆಳಿಗ್ಗೆಯೇ ಎರಡು ಕೂತಿದ್ದವು ಎಂದಳು. ಅವಳ ಗಂಡ ಅಲ್ಲ, ಮಾರನೆಯ ದಿನ ಎಂದ. ನಿಂಗರಾಜನನ್ನು ಕೂರಿಸಿಕೊಂಡು, ಫೋನಿನಲ್ಲಿ ಮರ ಬೋಳಾಗಿದೆ ಅಂದೆಯಲ್ಲ, ನೋಡಿ ಹೇಳಿದೆಯಾ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು, ‘ಇಲ್ಲ ಕಣಕ್ಕ, ಜಗಲೀಲಿ ಕೂತಿದ್ದೆ. ದಿನಾ ಬೋಳಾಗಿತ್ತಲ್ಲ ಅಂತ ಅಂಗೇ ಅಂದೆ’ ಎಂದ. ಆ ಬೆಳಿಗ್ಗೆ ನಮ್ಮ ಮನೆಯವರು ಒಬ್ಬರೂ ಹಿತ್ತಲಿಗೆ ಹೋಗಿ ತಲೆ ಎತ್ತಿ ನೋಡಿರಲಿಲ್ಲ.

ನನಗೆ ತೋಚಿದ ಕಾರಣಗಳನ್ನೆಲ್ಲ ಹುಡುಕಿದ್ದೇನೆ. ಮುದುಕ ಬೇರೇನೋ ಭಾಷೆಯಲ್ಲಿ ಏನೋ ಅಂದಿರಬಹುದು, ಅಪ್ಪನದೇ ಯೋಚನೆಯಲ್ಲಿದ್ದ ನನ್ನ ಕಿವಿ ಅದನ್ನು ಹಾಗೆ ಕೇಳಿಸಿಕೊಂಡಿರಬಹುದು. ಇದು ನನಗೇ ಒಪ್ಪಿಗೆಯಾಗುವ ಕಾರಣ. ಆದರೆ ನನ್ನ ಕಿವಿಯೇ ಅದನ್ನು ಕಟ್ಟಿಕೊಂಡಿದ್ದರೆ ಮೊದಲು ಹಕ್ಕಿ ಎಂದೇ ತಿಳಿಯಬೇಕಿತ್ತಲ್ಲ, ನಾನೇಕೆ ಅನ್ನದ ಅಕ್ಕಿ ಎಂದುಕೊಂಡು ಬೇಡವೆಂದು ಬಂದೆ? ಇಲ್ಲಿಗೆ ಬಂದಾಗ ನನ್ನ ಲೆಕ್ಕ ನಿಂತುಹೋಗುತ್ತದೆ. ಯಜಮಾನರು ಮಾತ್ರ, ಜೀಪು ಸರಿಯಾದ ಜಾಗದಲ್ಲೇ ಬಿಸಿಯಾಯಿತಲ್ಲ, ಅದರ ಹೆಚ್ಚುಗಾರಿಕೆ ಯಾರೂ ಹೇಳುವುದಿಲ್ಲ ಎಂದು ಕೊರಗುತ್ತಾರೆ.

ಅಪ್ಪ ಗಟ್ಟಿಯಾಗಿದ್ದಾನೆ, ಮರಿಗಳಿಗೆ ಮೀನು ತರುತ್ತಾನೆ. ಪ್ರತಿವರ್ಷ ಮೊದಲ ಹೆಜ್ಜಾರ್ಲೆ ಮರಕ್ಕೆ ಇಳಿದ ಕೂಡಲೇ ನನಗೆ ಫೋನ್ ಮಾಡುತ್ತಾನೆ. ಈ ವರ್ಷ ಫೋನು ಬಂದಾಗ ನಾನು ಕಚೇರಿಯಲ್ಲಿದ್ದೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಟೈಪು ಮಾಡುತ್ತಿದ್ದಳು. ‘ಅಕ್ಕಿ ಬಂದವೆ ಕಣವ್ವ’ ಎಂದ ಅಪ್ಪ. ದನಿ ಅಷ್ಟು ಜೋರು, ಅವಳಿಗೂ ಕೇಳಿಸಿತು.

‘ಯಾವ ಅಕ್ಕಿ ಮೇಡಂ, ಸೊಸೈಟೀದಾ?’ ಎಂದಳು.

‘ಅಲ್ಲಮ್ಮ,’ ಎಂದೆ, ‘ಆರೋ ಅಕ್ಕಿ.’