ಬಾಗಿಲು ತೋರಿಸುತ್ತಿದ್ದ ಡಾಕ್ಟರು

ಎಪ್ಪತ್ತರ ದಶಕದಲ್ಲಿ ಕೋಲಾರದಲ್ಲೊಬ್ಬ ಮೂಳೆ ಡಾಕ್ಟರಿದ್ದರು. ಮೊಣಕೈ ನೋವೆಂದು ಬಂದವರಿಗೆಲ್ಲ ಮೊದಲು ತಮ್ಮ ಕೋಣೆಯ ಬಾಗಿಲು ತೆರೆದು ಮುಚ್ಚಿ ತೋರಿಸುತ್ತಿದ್ದರು. “ಇದೂ ಕೀಲೇ, ನಿಮ್ಮದೂ ಕೀಲೇ. ಬಲವಂತ ಬೇಡ.”

ಸುಗಟೂರಿನ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಜಾರಿಬಿದ್ದು ಅಮ್ಮನ ಬಲ ಮೊಣಕೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಪೂರ್ತಿ ಮಡಚಲು ಬರಲಿಲ್ಲ. ತಿಕ್ಕಿ ಎಳೆದರೆ ಸರಿಹೋಗುತ್ತದೆಂದು ಅಜ್ಜಿ ಹರಳೆಣ್ಣೆ ಸೀಸೆಯನ್ನೇ ಹಿಡಿದು ಡಾಕ್ಟರ ಕೋಣೆಗೆ ಬಂದಿದ್ದಳು.

“ತಿಕ್ಕಿದ್ರೆ ಇನ್ನೂ ಬಿಗಿಯುತ್ತೆ. ಬಲವಂತ ಬೇಡ. ಮುಂದಿನ ಸಲ ಮುದ್ದೆ ತನ್ನಿ,” ಎಂದರು ಡಾಕ್ಟರು.

ತಂದೆವು. ಅವರ ಮೇಜಿನ ಮೇಲೇ ತಟ್ಟೆಯಿಟ್ಟು, ಅಮ್ಮ ಕತ್ತು ಬಗ್ಗಿಸಿ ತುತ್ತು ನುಂಗಿದಳು.

“ಈಗ ಬಾಯಿ ಕೈ ಹತ್ರ ಹೋಯ್ತಮ್ಮಾ. ಕೈ ಬಾಯಿ ಹತ್ರ ಬರ್ಬೇಕು. ದಿನಾ ನೋವು ತಡ್ಕೊಳ್ಳೋವಷ್ಟು ಮಡಚಿ.”

“ಅಲ್ಲೀವರ್ಗೂ ನಾನೇ ತಿನ್ನಿಸ್ತೀನಿ ನಾಯನಾ,” ಎಂದಳು ಅಜ್ಜಿ.

“ನೀವು ತಿನ್ನಿಸಿದ್ರೆ ಕೀಲು ತುಕ್ಕು ಹಿಡಿಯುತ್ತೆ.”

ಕೆಲವು ತಿಂಗಳ ಮೇಲೆ ಅಮ್ಮ ಕನಕಾಂಬರ ಮುಡಿದು ಡಾಕ್ಟರ ಬಳಿಗೆ ಹೋದಳು. ಡಾಕ್ಟರು ಅವಳ ಕೈ ಮುಟ್ಟಲೇ ಇಲ್ಲ.

“ಹೂ ಯಾರು ಮುಡಿಸಿದ್ದು?”

“ನಾನಲ್ಲಪ್ಪಾ,” ಎಂದಳು ಅಜ್ಜಿ.

ಅಮ್ಮ ನಕ್ಕು, ಬಲಗೈಯಿಂದಲೇ ಜಡೆಯ ಹೂ ಸರಿಮಾಡಿಕೊಂಡಳು.

ಡಾಕ್ಟರು ಎದ್ದು ಬಾಗಿಲು ತೆರೆದು ಹಿಡಿದರು. “ಇನ್ನು ನನ್ನ ಹತ್ರ ಬರಬೇಡಿ ತಾಯಿ.”