ಗಾಲಿಗೆ ಕೊಟ್ಟ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತ ಎಂದವರನ್ನು ಗೇಲಿ ಮಾಡುವುದರಲ್ಲಿ ನಮ್ಮ ಹೊಸಪೇಟೆಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಹಂಪಿಯ ಹಾಳು ಮಂಟಪದಲ್ಲಿ ಏನೋ ಕಂಡೆ ಎಂದು ಯಾರಾದರೂ ಶುರುಮಾಡಿದರೆ, ಅದರ ಎತ್ತರ ಎಷ್ಟು, ಅಗಲ ಎಷ್ಟು ಎಂದು ಅಳತೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಾನು ರಸ್ತೆ ಓವರ್ಸಿಯರ್. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದವನು. ಇದನ್ನು ಓದಿ ಈಗ ನೀವು ನನ್ನನ್ನು ಗೇಲಿ ಮಾಡಿದರೆ ನಾನು ಬೇಸರಪಡುವ ಹಾಗಿಲ್ಲ.

ನಮ್ಮ ಕಡೆ ಮದ್ರಾಸ್ ಸರ್ಕಾರವಿದ್ದ ಕಾಲದ ಮಾತು. ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ರಸ್ತೆ ನನ್ನ ಸುಪರ್ದಿಯಲ್ಲಿತ್ತು. ತಿರುಗಾಡಲು ಒಂದು ಹಳೆಯ ಮೋಟಾರ್ ಸೈಕಲ್ ಕೊಟ್ಟಿದ್ದರು. ಜನ ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಅದರ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕೂಲಿಯವರು ಬೀಡಿ ಎಸೆದು ಗುದ್ದಲಿ ಹಿಡಿಯುತ್ತಿದ್ದರು. ಅದರಿಂದ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕಮಲಾಪುರ ದಾಟಿದ ಮೇಲೆ ಬಂಡೆಗುಡ್ಡಗಳ ನಡುವೆ ಒಂದು ಏರು ಇತ್ತು. ಕಂಪ್ಲಿ ಕಡೆಯಿಂದ ಭತ್ತ, ಬೆಲ್ಲ ಹೇರಿಕೊಂಡು ಬರುವ ಬಂಡಿಗಳು ಅರ್ಧ ಏರಿನಲ್ಲಿ ನಿಂತು ಎತ್ತುಗಳ ದಣಿವು ಆರಿಸಿಕೊಳ್ಳುತ್ತಿದ್ದವು. ಬಂಡಿ ಹಿಂದಕ್ಕೆ ಜಾರದಿರಲಿ ಎಂದು ಬಂಡಿಯವರು ಗಾಲಿಯ ಹಿಂದೆ ಒಂದು ಕಲ್ಲು ಕೊಡುತ್ತಿದ್ದರು. ಎತ್ತು ಮತ್ತೆ ಎಳೆಯತೊಡಗಿದ ಮೇಲೆ ಇಳಿದು ಬಂದು ಆ ಕಲ್ಲನ್ನು ತೆಗೆಯುವ ಉಸಾಬರಿ ಮಾತ್ರ ಯಾರಿಗೂ ಬೇಡ. ನಡುರಸ್ತೆಯಲ್ಲಿ ಉಳಿದ ಕಲ್ಲುಗಳನ್ನು ತೆಗೆದುಹಾಕುವುದು ಆ ಮೈಲಿಯ ಗ್ಯಾಂಗ್‌ಮನ್ ಹುಲುಗಪ್ಪನ ಕೆಲಸವಾಗಿತ್ತು.

ಆ ಬೇಸಿಗೆಯಲ್ಲಿ ನಾನು ಹೋದಾಗಲೆಲ್ಲ ಅದೇ ಜಾಗದಲ್ಲಿ ಅದೇ ಕಲ್ಲು. ಸಣ್ಣ ಕುಂಬಳಕಾಯಿಯಷ್ಟು ಗಾತ್ರ, ಒಂದು ಮಗ್ಗುಲಲ್ಲಿ ಗಾಲಿಯ ಕಬ್ಬಿಣದ ಪಟ್ಟಿ ಉಜ್ಜಿ ಉಜ್ಜಿ ಬಿದ್ದ ತೋಡು. ಎರಡು ಸಲ ಬೈದು ಬಿಟ್ಟೆ. ಮೂರನೆಯ ಸಲ, ಕೆಲಸದಿಂದ ತೆಗೆದುಹಾಕುತ್ತೇನೆ ಎಂದೆ. ಹುಲುಗಪ್ಪನಿಗೆ ನಲವತ್ತು ದಾಟಿತ್ತು, ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು, ಈ ನೌಕರಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಅದು ನನಗೆ ಗೊತ್ತಿತ್ತು.

"ದಿನಾ ಸಂಜಿಕೆ ನಾನ ಎತ್ತಿ ಹಳ್ಳಕ್ಕ ಒಗೀತೀನ್ರಿ. ಮುಂಜಾನಿ ಬಂದು ನೋಡಿದ್ರ ಇಲ್ಲೇ ಇರ್ತದ" ಎಂದ. ಕಲ್ಲಿನ ತೋಡು ತೋರಿಸಿ, "ಅದಕ್ಕ ಗಾಲಿ ರೂಢಿ ಆಗೇದರಿ, ಸಾಹೇಬ್ರ" ಎಂದ.

ನನಗೆ ನಗುವೂ ಬಂತು, ಸಿಟ್ಟೂ ಬಂತು. ಇವನಿಗೆ ಬುದ್ಧಿ ಕಲಿಸಲೇಬೇಕು ಅನ್ನಿಸಿತು. ಮೈಲಿಗಲ್ಲುಗಳ ಅಂಕಿ ಬರೆಯಲೆಂದು ಆ ದಿನ ಕರಿ ಬಣ್ಣ ತಂದಿದ್ದೆ. ಕಲ್ಲಿನ ಮೇಲೆ ನನ್ನ ಕೈಯಿಂದಲೇ ದೊಡ್ಡದಾಗಿ ಒಂದು ಅಡ್ಡಗೆರೆ, ಅದರ ಮೇಲೆ ಇನ್ನೊಂದು ಉದ್ದಗೆರೆ ಎಳೆದೆ. ಕುಂಚ ಹಳೆಯದು, ಅದರ ಒಂದು ಕೂದಲು ಉದುರಿ ಬಣ್ಣದಲ್ಲೇ ಕೊಂಕಾಗಿ ಅಂಟಿಕೊಂಡಿತು. ಬಣ್ಣ ಒಣಗುವವರೆಗೆ ಬೇವಿನ ನೆರಳಲ್ಲಿ ಕಾದೆವು. ಆಮೇಲೆ ಹುಲುಗಪ್ಪನನ್ನು ಹಿಂದೆ ಕೂರಿಸಿ, ಕಲ್ಲನ್ನು ಅವನ ಮಡಿಲಿಗೆ ಹಾಕಿ ಕಂಪ್ಲಿಗೆ ಹೊರಟೆ. ಅಲ್ಲಿ ಹೊಳೆಯಲ್ಲಿ ಹರಿಗೋಲು ಹತ್ತಿ, ಮಡುವಿನ ನಡುವೆ ನಿಲ್ಲಿಸಿ, ಕಲ್ಲನ್ನು ಅವನ ಕೈಯಿಂದಲೇ ನೀರಿಗೆ ಬಿಡಿಸಿದೆ. ಗುಳುಂ ಎಂದು ಮುಳುಗಿತು. ಹರಿಗೋಲಿನವನು ಇದೇನು ಹುಚ್ಚು ಎಂಬಂತೆ ನಮ್ಮನ್ನು ನೋಡಿದ.

"ಇದ ಕಲ್ಲು ಮತ್ತ ರಸ್ತ್ಯಾಗ ಕಂಡ್ರ ನಿನ್ನ ಮಾತು ಖರೆ, ನೌಕರಿ ನಿಂದು. ಬ್ಯಾರೆ ಕಲ್ಲು ಕಂಡ್ರ ನೀ ಮೈಗಳ್ಳ, ನಾಳಿಂದ ಬರಬ್ಯಾಡ" ಎಂದೆ. ಅವನು ನೀರನ್ನೇ ನೋಡುತ್ತಿದ್ದ.

ದಡಕ್ಕೆ ಬಂದವರೇ ಹಿಂದಿರುಗಿದೆವು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ನಮ್ಮನ್ನು ಯಾವ ವಾಹನವೂ ದಾಟಿ ಹೋಗಲಿಲ್ಲ. ಮೂರು ಗಂಟೆಯ ಬಿಸಿಲು, ಬಂಡೆಗಳಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಏರು ಹತ್ತಿರವಾದಾಗ ಹುಲುಗಪ್ಪ ನನ್ನ ಭುಜ ಮುಟ್ಟಿದ.

"ನಿಧಾನ ಹೋಗ್ರಿ, ಸಾಹೇಬ್ರ."

ನಾನು ಬೇಕೆಂದೇ ವೇಗ ಹೆಚ್ಚಿಸಿದೆ. ಅವನ ಭಯವನ್ನು ಸುಳ್ಳು ಮಾಡಿ ತೋರಿಸುವ ಹಟ. ತಿರುವು ದಾಟಿದ ಕೂಡಲೇ ಕಲ್ಲು ಕಂಡಿತು. ಬ್ರೇಕು ಹಿಡಿಯುವಷ್ಟು ದೂರವೂ ಇರಲಿಲ್ಲ. ಮುಂದಿನ ಗಾಲಿ ಅದಕ್ಕೆ ಬಡಿದು ಕಡ್ಡಿಗಳು ಪಟಪಟ ಮುರಿದ ಸದ್ದು ಕೇಳಿಸಿತು, ಆಮೇಲೆ ನಾನು ಮಣ್ಣಿನಲ್ಲಿದ್ದೆ. ಎದ್ದು ನೋಡಿದರೆ ಗಾಲಿ ರೊಟ್ಟಿ ಮಡಚಿದಂತೆ ಮಡಚಿಕೊಂಡಿತ್ತು. ಗಾಡಿಯ ಕೆಳಗೆ ಹುಲುಗಪ್ಪನ ಕಾಲು ಸಿಕ್ಕಿಕೊಂಡಿತ್ತು. ಮೊಣಕಾಲಿನ ಕೆಳಗೆ ಎಲುಬು ಮುರಿದದ್ದು ನೋಡಿದರೇ ತಿಳಿಯುತ್ತಿತ್ತು. ಅವನು ಅಯ್ಯೋ ಎನ್ನಲಿಲ್ಲ. ಕಲ್ಲಿನ ಕಡೆ ನೋಡಿ ಮೊದಲು ಆಡಿದ ಮಾತು ಒಂದೇ.

"ಸಾಹೇಬ್ರ, ಇದನ್ನ ನಾ ಇಟ್ಟಿಲ್ರಿ."

ಗಾಡಿಯನ್ನು ಎತ್ತಿ ಅವನ ಕಾಲು ಬಿಡಿಸಿ, ಕಲ್ಲಿನ ಹತ್ತಿರ ಹೋಗಿ ಬಗ್ಗಿದೆ. ತೋಡು ಇತ್ತು. ನನ್ನ ಎರಡು ಗೆರೆಗಳು ಇದ್ದವು. ಕರಿ ಬಣ್ಣದಲ್ಲಿ ಕುಂಚದ ಕೂದಲು ಹಾಗೇ ಕೊಂಕಾಗಿ ಅಂಟಿತ್ತು. ಮತ್ತು ಕಲ್ಲು ಒದ್ದೆಯಾಗಿತ್ತು. ಆ ಉರಿಬಿಸಿಲಿನಲ್ಲಿ ತೋಡಿನೊಳಗೆ ನೀರು ನಿಂತಿತ್ತು, ಕೆಳಗಿನ ಮಣ್ಣು ಹಸಿಯಾಗಿತ್ತು, ಹೊಳೆಯ ಪಾಚಿಯ ವಾಸನೆ ಬರುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಹೆದರಿಕೆ ಅದಕ್ಕೂ ಮೊದಲು ನನಗೆ ಆಗಿರಲಿಲ್ಲ. ಹುಲುಗಪ್ಪನ ಕಾಲಿಗೆ ನನ್ನ ರುಮಾಲು ಕಟ್ಟುವಾಗಲೂ ಆ ಕಲ್ಲಿಗೆ ಬೆನ್ನು ಮಾಡಿ ಕೂರಲು ಧೈರ್ಯವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬೆಲ್ಲದ ಬಂಡಿಯೊಂದು ಬಂತು. ಬಂಡಿಯವನು ನಮ್ಮ ಸ್ಥಿತಿ ನೋಡಿ ಏರಿನಲ್ಲೇ ಎತ್ತು ನಿಲ್ಲಿಸಿ ಇಳಿದ. ಸುತ್ತ ನೋಡಿ, ಎರಡು ಕೈಯಲ್ಲಿ ಅದೇ ಕಲ್ಲನ್ನು ಎತ್ತಿ ತನ್ನ ಗಾಲಿಯ ಹಿಂದೆ ಕೊಟ್ಟ. "ಯಾಕ ಇಷ್ಟು ತಣ್ಣಗದ ಇದು" ಎಂದಷ್ಟೇ ಹೇಳಿ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಇಬ್ಬರೂ ಸೇರಿ ಹುಲುಗಪ್ಪನನ್ನು ಬೆಲ್ಲದ ಪೆಂಟೆಗಳ ಮೇಲೆ ಮಲಗಿಸಿದೆವು. ಎತ್ತುಗಳು ಎಳೆದವು. ಕಲ್ಲು ನಡುರಸ್ತೆಯಲ್ಲೇ ಉಳಿಯಿತು. ನಾನು ಹಿಂದಕ್ಕೆ ಮುಖ ಮಾಡಿ ಕುಳಿತಿದ್ದೆ. ಅದನ್ನು ತೆಗಿ ಎಂದು ಹೇಳುವುದು ಆ ರಸ್ತೆಯ ಓವರ್ಸಿಯರನ ಕೆಲಸ. ನಾನು ಹೇಳಲಿಲ್ಲ. ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದೆ.

ಮರುದಿನ ಗಾಡಿ ತರಲು ಹೋದ ಇಬ್ಬರು ಆಳುಗಳು ರಸ್ತೆಯಲ್ಲಿ ಕಲ್ಲೇ ಇರಲಿಲ್ಲ ಎಂದರು. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಗಾಲಿ ಮುರಿದದ್ದಕ್ಕೆ ಕಾರಣ ಬರೆಯಬೇಕಿತ್ತು. ಕಲ್ಲು ಎಂದು ಬರೆದರೆ ಆ ಮೈಲಿಯ ಗ್ಯಾಂಗ್‌ಮನ್‌ನ ತಲೆಗೇ ಬರುತ್ತದೆ. ದನ ಅಡ್ಡ ಬಂತು ಎಂದು ಬರೆದೆ. ನನ್ನ ನೌಕರಿಯಲ್ಲಿ ಬರೆದ ಮೊದಲ ಸುಳ್ಳು ಅದು. ಹುಲುಗಪ್ಪನ ಕಾಲು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಅವನ ನೌಕರಿ ಉಳಿಯಿತು. ನಾನು ಮಾತ್ರ ಆ ಏರು ಬಂದಾಗಲೆಲ್ಲ ಇಳಿದು ಮೋಟಾರ್ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. ಬೀಡಿ ಎಸೆಯುತ್ತಿದ್ದ ಕೂಲಿಯವರೇ ಅದನ್ನು ನೋಡಿ ನಗುತ್ತಿದ್ದರು.

ಎಲ್ಲವನ್ನೂ ಅಳೆದು ನೋಡಿದ್ದೇನೆ. ಮಡುವಿನ ಆಳ, ದಾರಿಯ ಮೈಲಿ, ನಾವು ಬಂದ ವೇಗ. ಯಾರೋ ಮುಳುಗಿ ಅದನ್ನು ತೆಗೆದು, ಫಟಫಟಿಗಿಂತ ಮೊದಲು ತಂದಿಟ್ಟರು ಎನ್ನಲು ನನ್ನ ಯಾವ ಲೆಕ್ಕವೂ ಒಪ್ಪುವುದಿಲ್ಲ.

ನನಗೆ ಬೇರೆ ಊರಿಗೆ ವರ್ಗವಾದಾಗ ಹುಲುಗಪ್ಪ ಕುಂಟುತ್ತ ಹೊಸಪೇಟೆ ಸ್ಟೇಷನ್ನಿಗೆ ಬಂದಿದ್ದ. ರೈಲು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು, "ಅವತ್ತು ನಾ ಇಟ್ಟಿಲ್ಲಂತ ನೀವು ನಂಬೀರಿಲ್ರಿ?" ಎಂದು ಕೇಳಿದ. "ನಂಬೀನಿ" ಎಂದೆ. ಅವನ ಮುಖ ಹಗುರಾಯಿತು, ಕೈ ಮುಗಿದು ಹೋದ.

ನಿಜವಾಗಿಯೂ ನಂಬಿದ್ದೇನೆ. ಅವನು ಇಟ್ಟಿದ್ದ, ಏನೋ ಆಟ ಹೂಡಿದ್ದ ಎಂದು ನಂಬಲು ಸಾಧ್ಯವಾಗಿದ್ದರೆ, ಇಷ್ಟು ವರ್ಷ ನಾನು ನೆಮ್ಮದಿಯಿಂದ ಮಲಗುತ್ತಿದ್ದೆ.